ದನಿಯ ಪಾಲು

"ಈ ಪೆಟ್ಟಿಗೆ ಮೊದ್ಲು ನಮ್ಮಕ್ಕನ ಕೈಗೆ ಹೋಗ್ಬೇಕು. ಆಮೇಕೆ ಯಾರಿಗ್ಬೇಕಾದ್ರೂ ಕೇಳಿಸ್ಕಳಿ," ಅಂದಿದ್ದ ದೊಡ್ಡಹನುಮಯ್ಯ.

ಅವನು ಹಾರೋಹಳ್ಳಿಯ ಒಂದು ಕಾರ್ಖಾನೆಯ ಗೇಟು ಕಾಯುವವನು. ಹುಟ್ಟಿದ್ದು ಮಾತ್ರ ಕನಕಪುರದ ಕಾಡಿನ ಇರುಳಿಗ ಬುಡಕಟ್ಟಿನವರ ದೊಡ್ಡಿಯಲ್ಲಿ. ರಜೆ ಸಿಕ್ಕಾಗಲೆಲ್ಲ ಸಿದ್ಧಾರ್ಥನ ಬಾಡಿಗೆ ಕೋಣೆಗೆ ಬಂದು, ಬೈಬಲ್ಲಿನ ಕತೆಗಳನ್ನು ತನ್ನ ಇರುಳಿಗ ಮಾತಿನಲ್ಲಿ ಹೇಳಿ ರೆಕಾರ್ಡ್ ಮಾಡಿಸಿದ್ದ. ಆ ದನಿಯೆಲ್ಲ ಈಗ ಅಂಗೈಯಗಲದ ಒಂದು ಪೆಟ್ಟಿಗೆಯಲ್ಲಿತ್ತು. ಬಿಸಿಲಿಗಿಟ್ಟರೆ ಚಾರ್ಜ್ ಆಗುತ್ತಿತ್ತು, ಗುಂಡಿ ಒತ್ತಿದರೆ ಮಾತಾಡುತ್ತಿತ್ತು.

ಅದನ್ನು ಹೊತ್ತು ಆ ದೊಡ್ಡಿಗೆ ಹೊರಟವರು ಇಬ್ಬರು. ಊರೂರು ತಿರುಗಿ ಯೇಸುವಿನ ವಿಷಯ ಹೇಳುವ ಸಿದ್ಧಾರ್ಥ, ಅವನ ಜೊತೆ ಕೆಲಸ ಮಾಡುವ ರಮ್ಯಾ. ರಮ್ಯಾ ಕುದೂರಿನವಳು, ಲಾರಿ ಓಡಿಸುವವನ ಮಗಳು.

ಕೊನೆಯ ಹಿಪ್ಪುನೇರಳೆ ತೋಟದ ಬಳಿ ಜೀಪು ನಿಂತಿತು. ಮುಂದೆ ಕಾಲುದಾರಿ. ಕಡಿದಾದ ಕಡೆ ಬೇಕಾದೀತೆಂದು ಜೀಪಿನ ನೈಲಾನ್ ಹಗ್ಗವನ್ನು ಸಿದ್ಧಾರ್ಥ ಹೆಗಲಿಗೇರಿಸಿಕೊಂಡ.

ಬೇಸಿಗೆಗೆ ಕಾಡು ಸೊರಗಿತ್ತು. ಎಲೆಯುದುರಿದ ಮರಗಳು, ಒಣಗಿ ಕಟಕಟ ಅನ್ನುವ ಬಿದಿರು, ಮೈತುಂಬ ಲಂಟಾನ ಹೊದ್ದ ದಿಣ್ಣೆಗಳು. ನಡುನಡುವೆ ಆನೆಗಾತ್ರದ ಕರಿಬಂಡೆಗಳು. ಯಾವುದು ಬಂಡೆ, ಯಾವುದು ಆನೆ ಅಂತ ಹೇಳಬೇಕಾದರೆ ಅದು ಅಲುಗುವವರೆಗೂ ಕಾಯಬೇಕು.

ದಾರಿಯಲ್ಲಿ ಲದ್ದಿ ಬಿದ್ದಿತ್ತು. ರಮ್ಯಾ ಬಗ್ಗಿ ನೋಡಿದಳು.

"ಅಣ್ಣಾ, ಇನ್ನೂ ಹಬೆ ಆಡ್ತೈತೆ."

"ಹಂಗಾದ್ರೆ ಮಾತು ಸಾಕು. ನಡಿ ಬೇಗ."

ದೊಡ್ಡಿಯಲ್ಲಿ ಗಂಡಸರಿರಲಿಲ್ಲ. ಎಲ್ಲರೂ ಮಾವಿನ ತೋಟದ ಕೂಲಿಗೆ ಹೋಗಿದ್ದರು. ಒಬ್ಬ ಹೆಂಗಸು ಎದುರಿಗೆ ಓಡಿ ಬಂದಳು. ಅವಳ ಕಣ್ಣು ಸಿದ್ಧಾರ್ಥನ ಹೆಗಲ ಮೇಲಿತ್ತು.

"ಸ್ವಾಮಿ, ಆ ಹಗ್ಗ ಕೊಡಿ! ನಮ್ಮೆಜಮಾನ್ರು ಬಂಡೇಲಿ ಸಿಕ್ಕಾಕ್ಕೊಂಡವ್ರೆ!"

ಇವಳೇ ಹನುಮಯ್ಯನ ಅಕ್ಕ ಮಾದಮ್ಮ. ಓಡುತ್ತಲೇ ವಿಷಯ ಹೇಳಿದಳು. ಗಂಡ ಗಂಗಯ್ಯ ಬೆಳಿಗ್ಗೆ ಜೇನು ಕೀಳಲು ಬಳ್ಳಿಹಗ್ಗವನ್ನು ಮರಕ್ಕೆ ಕಟ್ಟಿ ಒಬ್ಬನೇ ಇಳಿದಿದ್ದ. ಬಂಡೆಯಂಚಿಗೆ ಉಜ್ಜಿ ಬಳ್ಳಿ ಹರಿದಿತ್ತು. ಒಂದು ಚಾಚುಕಲ್ಲಿನ ಮೇಲೆ ಬಿದ್ದು ಜೀವ ಉಳಿದಿತ್ತು. ಎಡಗೈ ಎತ್ತಲು ಆಗುತ್ತಿರಲಿಲ್ಲ.

"ಒಬ್ರೇ ಯಾಕ್ ಇಳಿದ್ರು?" ರಮ್ಯಾ ಕೇಳಿದಳು.

"ಹಗ್ಗ ಬಾಮೈದನೇ ಹಿಡೀಬೇಕು ಕಣವ್ವ. ಅಕ್ಕನ ತಾಳಿ ಹೋಗ್ಲಿ ಅಂತ ಯಾವ ತಮ್ಮ ಕೈ ಬುಡ್ತಾನೆ? ಅದ್ಕೇ ಆ ಪದ್ಧತಿ. ನನ್ ತಮ್ಮ ಹಾರೋಳ್ಳೀಲಿ ಗೇಟ್ ಕಾಯ್ತಾ ಕುಂತವ್ನೆ. ಇವ್ರು ಬ್ಯಾರೆ ಕೈ ನಂಬಾಕಿಲ್ಲ ಅಂತ ಮರ ನಂಬುದ್ರು!"

ಬಂಡೆಯ ಬುಡದಲ್ಲಿ ಒಂದು ನೀರಿನ ಗುಂಡಿಯಿತ್ತು. ಬಿಸಿಲು ಇಳಿದರೆ ಆನೆಗಳು ಅಲ್ಲಿಗೇ ಬರುತ್ತವೆ. ಮೇಲಕ್ಕೆಳೆಯಲು ಮೂವರ ಬಲ ಸಾಲದು. ಆ ಗುಂಡಿಯ ಪಕ್ಕಕ್ಕೇ ಇಳಿಸಬೇಕು, ಅದೂ ಆನೆಗಳಿಗಿಂತ ಮೊದಲು.

ರಮ್ಯಾ ಹಗ್ಗವನ್ನು ಬಂಡೆಯ ಮೇಲಿನ ಗೋಣಿಮರಕ್ಕೆ ಎರಡು ಸುತ್ತು ಸುತ್ತಿದಳು. ತನ್ನ ಬ್ಯಾಗು ಮಡಿಸಿ ಬಂಡೆಯಂಚಿಗಿಟ್ಟು, ಅದರ ಮೇಲೆ ಹಗ್ಗ ಹಾಯಿಸಿದಳು. "ಲೋಡ್ ಬಿಗಿಯೋದು ನಮ್ಮಪ್ಪ ಕಲ್ಸಿದ್ದು. ಸುತ್ತು ಇದ್ರೆ ಭಾರ ಮರ ತಡೀತದೆ. ನೀನು ಒಸಿ ಒಸೀನೇ ಬಿಡು."

ಮಾದಮ್ಮ ಪಕ್ಕದ ಕೋಡುಗಲ್ಲಿಗೆ ಹೋಗಿ ನಿಂತಳು. ಅಲ್ಲಿಂದ ಗಂಡನೂ ಕಾಣುತ್ತಿದ್ದ, ನೀರೂ ಕಾಣುತ್ತಿತ್ತು. ಕುಣಿಕೆ ಹಾಕಿದ ಹಗ್ಗ ಕೆಳಗಿಳಿಯಿತು.

"ಹಗ್ಗ ಯಾರ ಕೈಲೈತೆ?" ಕೆಳಗಿಂದ ಗಂಗಯ್ಯನ ಕೂಗು.

"ಪೇಟೆಯೋರು!" ಮಾದಮ್ಮ ಅಂದಳು.

"ಬ್ಯಾಡ. ಹನುಮನ್ನ ಕರಸು."

"ಕರುಸುದ್ರೂ ನಾಳೇನೇ ಬತ್ತಾನೆ. ಅಲ್ಲಿಗಂಟ ಹದ್ದಿಗೆ ಊಟ ಆಯ್ತೀಯಾ?"

ಅವನು ಕುಣಿಕೆ ಮುಟ್ಟಲಿಲ್ಲ. ಹಗ್ಗ ಹಗುರವಾಗಿ ತೂಗಾಡುತ್ತಿತ್ತು. ನೆರಳು ನೀರಿನ ಗುಂಡಿಯನ್ನು ಮುಟ್ಟಿತು.

ರಮ್ಯಾ ಪೆಟ್ಟಿಗೆಯ ಗುಂಡಿ ಒತ್ತಿ ಅಂಚಿಗೆ ಹಿಡಿದಳು. ತಪ್ಪಿಸಿಕೊಂಡ ಕುರಿಯನ್ನು ಹುಡುಕಿ ಹೊರಟ ಕುರುಬನ ಕತೆ, ಇರುಳಿಗ ಮಾತಿನಲ್ಲಿ, ದೊಡ್ಡಹನುಮಯ್ಯನ ಒಡಕು ದನಿಯಲ್ಲಿ ಬಂಡೆಯಿಂದ ಬಂಡೆಗೆ ಬಡಿಯಿತು.

"ಹನುಮಾ! ಬಂದ್ಬುಟ್ಯೇನ್ಲಾ?"

ಹಗ್ಗ ಬಿಗಿಯಾಯಿತು. ಗಂಗಯ್ಯ ಕುಣಿಕೆ ಹಿಡಿದಿದ್ದ.

"ಸುಮ್ನಿರಣ್ಣ," ರಮ್ಯಾ ಪಿಸುಗುಟ್ಟಿದಳು. "ಅವನೇ ಅಂದ್ಕೊಳ್ಳಲಿ. ಇಳಿದ್ಮೇಲೆ ಹೇಳಿದ್ರಾಯ್ತು."

ಸಿದ್ಧಾರ್ಥ ಬಿಗಿದ ಹಗ್ಗ ನೋಡಿದ. ನಿಜ ಹೇಳಿದರೆ ಆ ಮನುಷ್ಯ ಹಗ್ಗ ಬಿಡಬಹುದು. ಹೇಳದಿದ್ದರೆ, ತಾವು ದೇವರ ಮಾತು ಅಂತ ಹೊತ್ತು ತಂದದ್ದು ಮೋಸದ ಹಗ್ಗವಾಗುತ್ತದೆ. ಅವನು ಅಂಚಿಗೆ ಬಗ್ಗಿದ.

"ಗಂಗಯ್ಯನವರೇ, ಹನುಮಯ್ಯ ಬಂದಿಲ್ಲ. ಇದು ಅವನ ದನಿ ತುಂಬಿರೋ ಪೆಟ್ಟಿಗೆ. ಹಗ್ಗ ನನ್ನ ಕೈಲಿದೆ. ನನ್ನ ಹೆಸರು ಸಿದ್ಧಾರ್ಥ."

ಹಗ್ಗ ಸಡಿಲವಾಯಿತು. ಪೆಟ್ಟಿಗೆ ತನ್ನ ಪಾಡಿಗೆ ಕುರಿಯ ಕತೆ ಹೇಳುತ್ತಿತ್ತು.

ಕಡೆಗೆ ಕೆಳಗಿಂದ ಮಾತು ಬಂತು. "ನಂಗೂ ಡವುಟು ಬಂತು. ನಮ್ ಹನುಮ ಬಯ್ಗುಳ ಇಲ್ದೆ ಇಷ್ಟುದ್ದ ಮಾತಾಡಿದ್ದೇ ಇಲ್ಲ! ದನಿ ಅವ್ನೇ ಕೊಟ್ಟನಾ, ನೀವು ಕದ್ದದ್ದಾ?"

"ಅವನೇ ಕೊಟ್ಟದ್ದು. ಮೊದ್ಲು ಅಕ್ಕನಿಗೆ ಮುಟ್ಟಿಸಿ ಅಂದ."

"ದನಿ ಕೊಟ್ಟವ್ನೆ ಅಂದ್ರೆ ಹಗ್ಗನೂ ಕೊಟ್ಟಂಗೇಯ. ಬುಡಪ್ಪ, ನಿಧಾನ!"

ಕುಣಿಕೆ ಕಂಕುಳಿಗೇರಿತು. ಭಾರ ಬಿತ್ತು. ಗೋಣಿಮರ ಕಿರುಗುಟ್ಟಿತು. ಸಿದ್ಧಾರ್ಥ ಗೇಣು ಗೇಣಾಗಿ ಹಗ್ಗ ಬಿಟ್ಟ. ರಮ್ಯಾ ಓಡಿಬಂದು ಅವನ ಹಿಂದೆ ಹಗ್ಗ ಹಿಡಿದಳು.

ಅರ್ಧ ದಾರಿ. ಮಾದಮ್ಮನ ಕೈ ತಟ್ಟನೆ ಮೇಲೆದ್ದಿತು.

ನಿಲ್ಲಿಸಿ!

ಬಿದಿರು ಮುರಿಯುವ ಸದ್ದು. ಆನೆಗಳು.

ರಮ್ಯಾ ಪೆಟ್ಟಿಗೆಯ ಬಾಯಿ ಮುಚ್ಚಿಸಿದಳು. ಕಾಡೆಲ್ಲ ಗಪ್ಪಾಯಿತು. ಹಿಂಡಿನ ದೊಡ್ಡ ಹೆಣ್ಣಾನೆ ಸೊಂಡಿಲೆತ್ತಿ ಗಾಳಿ ಮೂಸಿತು. ಅದರ ನೆತ್ತಿಯ ಮೇಲೆ, ಎರಡಾಳು ಎತ್ತರದಲ್ಲಿ, ಗಂಗಯ್ಯ ತೂಗುತ್ತಿದ್ದ. ಈಗ ಅವನಿಗೆ ಬಾಮೈದನ ದನಿಯಿಲ್ಲ. ಕಂಡರಿಯದವರ ಕೈಗಳು ಮಾತ್ರ.

ಹಗ್ಗ ಸಿದ್ಧಾರ್ಥನ ಅಂಗೈ ಸುಲಿಯಿತು. ಬೆವರು ಕಣ್ಣಿಗಿಳಿಯಿತು. ಒರೆಸಿಕೊಳ್ಳಲು ಕೈಯಿಲ್ಲ. "ಬಿಡಬ್ಯಾಡ ಅಣ್ಣ," ರಮ್ಯಾಳ ತುಟಿ ಅಲುಗಿತು, ದನಿ ಬರಲಿಲ್ಲ. ಕೆಳಗೆ ಮರಿಯಾನೆ ನೀರು ಚಿಮ್ಮಿಸಿ ಆಡುತ್ತಿತ್ತು. ಅದಕ್ಕೇನು ಅವಸರ?

ತಾಯಿ ಸೊಂಡಿಲಿಂದ ಮರಿಯ ಬೆನ್ನಿಗೊಂದು ಬಿಟ್ಟಿತು. ಹಿಂಡು ಬಂದ ದಾರಿಯಲ್ಲೇ ಕರಗಿತು.

ಮಾದಮ್ಮನ ಕೈ ಇಳಿಯಿತು. ಹಗ್ಗವೂ ಇಳಿಯಿತು.

ಮೂವರೂ ಸುತ್ತುದಾರಿಯಲ್ಲಿ ಬುಡಕ್ಕೆ ಬಂದಾಗ ಗಂಗಯ್ಯ ಬಂಡೆಗೊರಗಿ ಕೂತಿದ್ದ. ರಮ್ಯಾ ಅವನ ಕೈಯನ್ನು ದುಪಟ್ಟಾದಲ್ಲಿ ಎದೆಗೆ ಕಟ್ಟಿದಳು. ಮಾದಮ್ಮ ಗಂಡನಿಗೆ ಬಾಯ್ತುಂಬ ಬೈದಳು. ಬೈದು ಮುಗಿಸಿ ಅತ್ತಳು.

ಸಿದ್ಧಾರ್ಥ ಪೆಟ್ಟಿಗೆಯನ್ನು ಅವಳ ಕೈಗಿಟ್ಟ. ಅವಳು ಗುಂಡಿ ಒತ್ತಿ ತಮ್ಮನ ದನಿಯನ್ನು ಕಿವಿಗೆ ಒತ್ತಿಕೊಂಡಳು. "ನೆಗಡಿ ಆಗೈತೆ ಇವನಿಗೆ," ಅಂದಳು.

"ಕೇಳ್ತೀವಿ," ಗಂಗಯ್ಯ ಅಂದ. "ಆದ್ರೆ ನಮ್ ದೇವ್ರ ಬುಡು ಅಂದ್ರೆ ಬುಡಾಕಿಲ್ಲ."

"ಬಿಡಿ ಅನ್ನೋಕೆ ಬಂದಿಲ್ಲ. ಕೇಳಿದ್ರೆ ಸಾಕು."

ಗಂಗಯ್ಯ ಅವನ ಸುಲಿದ ಅಂಗೈ ನೋಡಿದ. ಹೆಗಲ ಚೀಲದಿಂದ ಅರ್ಧ ಜಜ್ಜಿದ ಜೇನುತಟ್ಟಿ ತೆಗೆದು, ಒಂದೇ ಕೈಯಲ್ಲಿ ಎರಡು ಮಾಡಿ ಮುತ್ತುಗದ ಎಲೆಗಳಲ್ಲಿ ಸುತ್ತಿದ.

"ಮೊದಲ ತಟ್ಟಿ ಹಗ್ಗ ಹಿಡಿದೋನಿಗೆ. ಅರ್ಧ ನಿಮ್ಮಿಬ್ಬರ ಕೈದು. ಅರ್ಧ ದನೀದು. ಹಾರೋಳ್ಳಿಗೆ ಮುಟ್ಟಿಸು."

ನಾಲ್ವರೂ ಜೀಪಿನಲ್ಲಿ ಕನಕಪುರದ ಆಸ್ಪತ್ರೆಗೆ ಹೋದರು. ಮರುದಿನ ಹಾರೋಹಳ್ಳಿಯ ಗೇಟಿನಲ್ಲಿ ದೊಡ್ಡಹನುಮಯ್ಯ ಎಲೆ ಬಿಚ್ಚಿ ನೋಡಿ ಬೆಚ್ಚಿದ.

"ಇದು ಹಗ್ಗದ ಪಾಲಲ್ವಾ ಸಾರ್? ನಾನ್ ಇಲ್ಲೇ ಇದ್ನಲ್ಲ?"

ಸಿದ್ಧಾರ್ಥ ಬಟ್ಟೆ ಸುತ್ತಿದ ಕೈಯಲ್ಲಿ ಅವನ ಪಕ್ಕದ ಸ್ಟೂಲು ಎಳೆದುಕೊಂಡ. "ನೀನು ಅಲ್ಲೂ ಇದ್ದೆ ಕಣಯ್ಯ. ತಿನ್ನು, ಹೇಳ್ತೀನಿ."