ಕಾಣೆಯಾದ ಗದ್ದುಗೆ

ಸಮಾಧಿಯ ಗದ್ದುಗೆ ಇದ್ದ ಜಾಗ ಸಪಾಟಾಗಿತ್ತು. ಲಿಂಗ ಕೆತ್ತಿದ ಕಲ್ಲು ಇಲ್ಲ! ಹಸಿ ಮಣ್ಣನ್ನು ಯಾರೋ ತುಳಿದು ಗಟ್ಟಿ ಮಾಡಿದ್ದರು.

ಬಿ.ದುರ್ಗದ ಆ ಹೊಲ ಯಾರದೆಂಬ ವ್ಯಾಜ್ಯ ಬೆಂಗಳೂರಿನಲ್ಲಿ ಅಪೀಲಾಗಿ ಕೂತಿತ್ತು. ತೀರ್ಪು ಬರುವವರೆಗೆ ಯಾರೂ ಉಳಕೂಡದು, ಅಗೆಯಕೂಡದು, ಹೊಲ ಇದ್ದಂತೆಯೇ ಇರಬೇಕು—ಈ ಹುಕುಂ ಕೇಳಿ ಪಡೆದವಳು ವಿಧವೆ ಶಿವಗಂಗಮ್ಮ. ಊರಲ್ಲಿ ತಮಟೆ ಹೊಡೆಸಿ ಅದನ್ನು ಓದಿದವನು ಕೋರ್ಟಿನ ಅಮೀನನಾದ ನಾನು. ಅವಳ ಗಂಡ ತಿಪ್ಪೇರುದ್ರಪ್ಪನನ್ನು ಮಣ್ಣು ಮಾಡಿದ್ದು ಅದೇ ಹೊಲದಲ್ಲಿ. ಹೊಲ ಅವನದಾಗಿತ್ತು ಎನ್ನಲು ಅವಳಿಗಿದ್ದ ಒಂದೇ ಸಾಕ್ಷಿ ಆ ಗದ್ದುಗೆ. ಅದು ಹೋಯಿತೆಂದರೆ ಅಪೀಲೂ ಹೋದಂತೆ.

ಹೊಳಲ್ಕೆರೆಯಿಂದ ಇನ್‌ಸ್ಪೆಕ್ಟರ್ ಹಜರತ್ ಅಲಿ ಬಂದರು. ಪ್ರತಿ ಸೋಮವಾರದಂತೆ ಪೂಜೆಗೆಂದು ಬಂದೆ, ಬಂದು ನೋಡಿದರೆ ಹೀಗಾಗಿದೆ ಎಂದು, ಬೆಳಿಗ್ಗೆ ನನ್ನ ಬಳಿಗೆ ಓಡಿ ಬಂದಿದ್ದ ಶಿವಗಂಗಮ್ಮ ಅವರೆದುರೂ ಎದೆ ಬಡಿದುಕೊಂಡಳು. ಎದುರು ಪಕ್ಷದ ದಾಯಾದಿ ಮುರುಗಪ್ಪನದೇ ಕೆಲಸವೆಂದು ಊರಿಗೆ ಊರೇ ಹೇಳಿತು. ಅವನನ್ನು ಕರೆಸಿದರು.

“ಗದ್ದುಗೆ ಹೋದ್ರೆ ಲಾಭ ಯಾರಿಗೆ, ಮುರುಗಪ್ಪನೋರೆ?”

“ನನಗೇ, ಸಾಹೇಬ್ರೆ. ಆದ್ರೆ ಹುಕುಂ ಐತೆ, ಮುಟ್ಟಿದ್ರೆ ಜೈಲು. ಗೆಲ್ಲೋನಿಗೆ ಈಗ್ಯಾಕೆ ಆತ್ರ?”

ಎಂಥ ಕೊಬ್ಬು! ನನ್ನ ಕೈಯಲ್ಲಿದ್ದಿದ್ದರೆ ಆಗಲೇ ಬೇಡಿ ತೊಡಿಸುತ್ತಿದ್ದೆ. ಹಜರತ್ ಅಲಿ ಮಾತ್ರ ಗುಂಡಿ ತೆರೆಸಿದರು. ನಮ್ಮ ಲಿಂಗಾಯತರಲ್ಲಿ ಗುಂಡಿಯ ಪಕ್ಕದ ಗೋಡೆಯಲ್ಲಿ ಗೂಡು ಕೊರೆದು, ಅದರೊಳಗೆ ದೇಹವನ್ನು ಕೂರಿಸುತ್ತಾರೆ. ಗೂಡು ಬರಿದಾಗಿತ್ತು. ಒಂದು ಎಲುಬೂ ಉಳಿದಿರಲಿಲ್ಲ.

ಮುರುಗಪ್ಪ ಎಲ್ಲವನ್ನೂ ಕೆರೆಗೆ ಎಸೆದಿರಬೇಕು ಎಂದೆ. ಹಜರತ್ ಅಲಿ ಒಪ್ಪಲಿಲ್ಲ. ಹಗೆಯವನಿಗೆ ಕಲ್ಲು ಕಿತ್ತರೆ ಸಾಕು, ಎಲುಬು ಆಯುತ್ತಾ ಕೂರುವ ತಾಳ್ಮೆ ಅವನಿಗೇಕೆ ಎಂದು ಕೇಳಿದರು. ಆಮೇಲೆ ನನ್ನತ್ತ ತಿರುಗಿದರು.

“ಅಮೀನ್ರೆ, ಬೆಳಿಗ್ಗೆ ಆಕೆ ನಿಮ್ಮ ಹತ್ರ ಓಡಿ ಬಂದಾಗ ಕೈಯಾಗೆ ಏನಿತ್ತು?”

“ಏನಿಲ್ಲ. ಬರಿಗೈ.”

“ಹೊಲದಾಗೆ ಏನಾರ ಬಿಟ್ಟಿದ್ರಾ? ಪತ್ರೆ, ತಂಬಿಗೆ?”

ಯೋಚಿಸಿದೆ. ಅಲ್ಲಿಯೂ ಏನೂ ಕಂಡಿರಲಿಲ್ಲ.

“ಬರ್ರಿ, ಶಿವಗಂಗಮ್ಮನೋರ ಮನೆಗೆ ಹೋಗಾಣ.”

ಹಿತ್ತಲಲ್ಲಿ, ನಿಂಬೆ ಗಿಡದ ಹಿಂದೆ ಒಂದಿಷ್ಟು ನೆಲವನ್ನು ಹೊಸದಾಗಿ ಸಗಣಿಯಿಂದ ಸಾರಿಸಲಾಗಿತ್ತು. ಅದರ ಮೇಲೆ ವಿಭೂತಿ, ಇನ್ನೂ ಬಾಡದ ಬಿಲ್ವಪತ್ರೆ. ನಮ್ಮ ಹಿಂದೆಯೇ ಬಂದ ಶಿವಗಂಗಮ್ಮ ಹಿತ್ತಲ ಬಾಗಿಲಲ್ಲೇ ನಿಂತಳು.

“ನಮ್ಮಮ್ಮ ಅಬ್ಬಾನ ಗೋರಿಗೆ ಹೂವಿಲ್ದೆ ಒಂದಿನಾನೂ ಹೋಗಿಲ್ಲ,” ಎಂದರು ಹಜರತ್ ಅಲಿ, ಮೆಲ್ಲಗೆ. “ಸೋಮವಾರ ಪೂಜೆಗೆ ಹೊಂಟಾಕಿ ಬರಿಗೈಯಾಗೆ ಹೋಗ್ತಾಳಾ? ಅಲ್ಲಿ ಯಾರೂ ಇಲ್ಲ ಅಂತ ಗೊತ್ತಿತ್ತು. ಸೋಮವಾರ ತಪ್ಪಿಸೋಕೂ ಮನಸ್ಸು ಬರ್ಲಿಲ್ಲ, ಪೂಜೆ ಇಲ್ಲೇ ಮುಗಿಸಿದ್ರಿ. ಅಗೆಸಿದ್ದು ನೀವೇ, ಶಿವಗಂಗಮ್ಮನೋರೆ.”

ಅವಳು ಇಲ್ಲವೆನ್ನಲಿಲ್ಲ. ಅವಳ ಒಡಹುಟ್ಟಿದ ತಮ್ಮ ಅಜ್ಜಪ್ಪ ಅಗೆದನಂತೆ, ಇವಳು ಸೆರಗೊಡ್ಡಿ ಎಲುಬುಗಳನ್ನು ತುಂಬಿಕೊಂಡಳಂತೆ. ತಪ್ಪು ಮುರುಗಪ್ಪನ ತಲೆಗೆ ಬಂದರೆ ಅಪೀಲಿಗೂ ಅನುಕೂಲವೆಂದು ಎಣಿಸಿದ್ದಳು.

“ಹುಕುಂ ತೀರ್ಪು ಬರೋಗಂಟ ಅಷ್ಟೇ ಅಂದ್ರು ವಕೀಲ್ರು. ಆಮ್ಯಾಲೆ? ಗೆದ್ದ ದಿನಾನೇ ಗದ್ದುಗೆ ಮ್ಯಾಲೆ ನೇಗಿಲು ಹೂಡ್ತೀನಿ ಅಂತ ಮುರುಗಪ್ಪ ಸಂತ್ಯಾಗೆ ನಿಂತು ಹೇಳ್ದ. ಹೊಲ ಹೋದ್ರೆ ಹೋಗ್ಲಿ ಸಾಹೇಬ್ರೆ. ನಮ್ಮನೆಯೋರು ನನ್ನ ಹಿತ್ತಲಾಗೆ ತಣ್ಣಗಿರ್ಲಿ.”

ಹಜರತ್ ಅಲಿ ನನ್ನ ಮುಖ ನೋಡಿದರು. ಅವರ ಕೆಲಸ ಮುಗಿದಿತ್ತು, ಉಳಿದದ್ದು ನನ್ನದು. ಹುಕುಂ ಕೇಳಿದವಳೇ ಅದನ್ನು ಮುರಿದಿದ್ದಾಳೆ, ಇನ್ನು ಅಪೀಲು ನಿಲ್ಲುವುದಿಲ್ಲ ಎಂದು ಹೇಳಿದೆ. ಅವಳು ಹೌದೆಂದು ತಲೆಯಾಡಿಸಿದಳು. ಅಷ್ಟಕ್ಕೆ ತಯಾರಾಗಿದ್ದಳು. ಇನ್ನೊಂದು ಮಾತು ಹೇಳುವುದು ಬಾಕಿಯಿತ್ತು. ಸುಡಲಿ ಈ ನೌಕರಿ!

“ಹೊಲ ಮೊದಲಿದ್ದಂಗೇ ಆಗ್ಬೇಕು ಅಂತದೆ ಕೋರ್ಟು, ಅಮ್ಮಾ. ಅವರನ್ನ ಅದೇ ಗುಂಡಿಗೆ ವಾಪಸ್ ಇಡಿಸ್ತಾರೆ.”

ಅವಳು ಸಾರಿಸಿದ ನೆಲದ ಮೇಲೆ ಅಂಗೈ ಊರಿ ಕುಳಿತಳು.

“ಇಟ್ಟ ಮ್ಯಾಲೆ... ಹೊಲ ಮುರುಗಪ್ಪಂದಾ?”

ಹೌದು ಎಂದೆ.