ಪರಿಮಳವಿಲ್ಲದ ಮಿಠಾಯಿ

"ಅಕ್ಕಾ, ನನ್ನನ್ನ ಒಳಗೆ ತಳ್ಳಿ ಚಿಲಕ ಹಾಕಿದ್ದಾರೆ. ಚಿಕ್ಕಮ್ಮನ್ನ ಕರೀರಿ."

ಮಿಠಾಯಿ ಒಣಗಿಸುವ ಕೋಣೆಯೊಳಗಿಂದ ಮನೆ ಯಜಮಾನರ ಕಿರಿ ಸೊಸೆಯ ಧ್ವನಿ ಬಂದಾಗ ನಾನು ಮೆಟ್ಟಿಲಿಳಿಯುತ್ತಿದ್ದೆ. ಆ ಮನೆಯ ಮಹಡಿಯಲ್ಲಿ ನಾನೂ ಚಿಕ್ಕಮ್ಮನೂ ಬಾಡಿಗೆಗಿದ್ದೆವು. ಔಷಧ ಪರೀಕ್ಷಿಸುವ ಕೆಲಸದಿಂದ ನಿವೃತ್ತಳಾದ ಚಿಕ್ಕಮ್ಮನೇ ಬೀದಿಯವರಿಗೆಲ್ಲ ಪತ್ತೇದಾರಳು. ಕೆಳಗೆ ಯಜಮಾನರ ಕುಟುಂಬ ಶುಂಠಿ, ಅತಿಮಧುರ, ಪುದೀನ ಬೆರೆಸಿ ಕೆಮ್ಮಿನ ಮಿಠಾಯಿ ಮಾಡಿ ಮಾರುತ್ತಿತ್ತು.

ಆ ಮಧ್ಯಾಹ್ನ ಊಟವಾದ ಮೇಲೆ ಯಜಮಾನರು ಹಾಸಿಗೆ ಪಕ್ಕದ ತಟ್ಟೆಯಲ್ಲಿದ್ದ ಮಿಠಾಯಿಯನ್ನು ಅರ್ಧ ಕಚ್ಚಿ ತಿಂದು ಎಚ್ಚರ ತಪ್ಪಿದ್ದರು. ಉಳಿದರ್ಧದಲ್ಲಿ ನಿದ್ದೆಮಾತ್ರೆಯ ಬಿಳಿ ಚೂರುಗಳಿದ್ದವು. ಪ್ರಾಣಕ್ಕೇನೂ ಅಪಾಯವಿಲ್ಲವೆಂದು ಡಾಕ್ಟರು ಹೇಳಿ ಹೋದರು.

"ಪಾಕ ಹಿಡಿದೋಳು ಅವಳೇ," ಎಂದ ಅಂಗಡಿ ನೋಡಿಕೊಳ್ಳುವ ದೊಡ್ಡ ಮಗ, ಚಿಲಕದ ಮೇಲಿಂದ ಕೈ ತೆಗೆಯದೆ. "ತಮ್ಮ ತೀರಿಕೊಂಡ. ಪಾಪ ಅಂತ ಅಪ್ಪ ಮಿಠಾಯಿ ವ್ಯಾಪಾರವನ್ನೆಲ್ಲ ಇವಳ ಹೆಸರಿಗೆ ಮಾಡ್ತೀನಿ ಅಂದ್ರು. ಅಷ್ಟರೊಳಗೇ ಯಜಮಾನಿ ಆಗೋ ಆತುರ. ಪೊಲೀಸರಿಗೆ ಒಪ್ಪಿಸ್ತೀನಿ."

"ಒಪ್ಪಿಸುವೆಯಂತೆ. ಮೊದಲು ಬಾಗಿಲು ತೆಗಿ, ಮಾರಾಯ," ಎಂದಳು ನಾನು ಕರೆತಂದ ಚಿಕ್ಕಮ್ಮ.

ಕಿಟಕಿಯಿಲ್ಲದ ಕೋಣೆ. ಮೂಲೆಯಲ್ಲಿ ಸೊಸೆ ಮುದುಡಿ ಕೂತಿದ್ದಳು. ಚಿಕ್ಕಮ್ಮ ಯಜಮಾನರು ಕಚ್ಚಿಬಿಟ್ಟ ತುಂಡನ್ನು ನನ್ನ ಮೂಗಿಗೆ ಹಿಡಿದಳು. ಶುಂಠಿಯ ಘಾಟಿತ್ತು, ಅಷ್ಟೇ. ಆಮೇಲೆ ಅಲ್ಲಿ ಒಣಗಲಿಟ್ಟಿದ್ದ ತಟ್ಟೆಯಿಂದ ಹೊಸ ಮಿಠಾಯಿಯೊಂದನ್ನು ತೆಗೆದು ಮುರಿದಳು. ಪುದೀನ ಮೂಗಿಗೆ ರಪ್ಪನೆ ಹೊಡೆಯಿತು. ಮರುಕ್ಷಣವೇ ಆ ತಟ್ಟೆ ಅವಳ ಕೈಯಿಂದ ಜಾರಿ ಮಿಠಾಯಿಯೆಲ್ಲ ಚೂರಾಯಿತು.

"ಥೂ, ನನ್ನ ಕೈಗಿಷ್ಟು ಬೆಂಕಿ ಹಾಕ. ಇದನ್ನೀಗ ಏನು ಮಾಡೋದು?"

ಯಜಮಾನರ ಮಗಳು, ಗಿಡಮೂಲಿಕೆ ಕುಟ್ಟುವವಳು, ನಿಟ್ಟುಸಿರಿಟ್ಟಳು. "ಇನ್ನೇನು, ಚೂರನ್ನ ಮನೆಯವರೇ ಚಪ್ಪರಿಸೋದು."

"ಅದಕ್ಯಾಕೆ ಅಷ್ಟು ಯೋಚನೆ?" ಎಂದ ದೊಡ್ಡ ಮಗ. "ಕರಗಿಸಿ ಮತ್ತೆ ಅಚ್ಚಿಗೆ ಹೊಯ್ದರಾಯ್ತು."

ಸೊಸೆಯೂ ಮಗಳೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಸಂಜೆ ಯಜಮಾನರಿಗೆ ಎಚ್ಚರವಾದಾಗ ಚಿಕ್ಕಮ್ಮ ಎಲ್ಲರನ್ನೂ ಅವರ ಹಾಸಿಗೆಯ ಸುತ್ತ ಕೂರಿಸಿದಳು.

"ಪುದೀನ ಬೀಳೋದು ಬಾಣಲೆ ಇಳಿಸಿ, ಪಾಕ ತುಸು ಆರಿದ ಮೇಲೆ. ಮತ್ತೆ ಒಲೆಗಿಟ್ಟರೆ ಪರಿಮಳ ಹಾರಿಹೋಗತ್ತೆ. ನೀವು ತಿಂದದ್ದರಲ್ಲಿ ಪರಿಮಳವೇ ಇರಲಿಲ್ಲ. ಅಂದ್ರೆ ಸಿದ್ಧವಾದ ಮಿಠಾಯೀನ ಯಾರೋ ಕರಗಿಸಿ, ಮಾತ್ರೆ ಸೇರಿಸಿ, ಮತ್ತೆ ಅಚ್ಚಿಗೆ ಹೊಯ್ದಿದ್ದಾರೆ. ಸೊಸೆಗೆ ಅದರ ಅಗತ್ಯವೇ ಇಲ್ಲ, ಪಾಕವೇ ಅವಳ ಕೈಲಿತ್ತು. ಮೂಲಿಕೆ ಕುಟ್ಟೋ ಮಗಳಿಗೂ ಒಲೆಯ ಕತೆ ಗೊತ್ತು. ಈ ತಪ್ಪು ಮಾಡೋನು ಅಂಗಡೀಲಿ ಕೂತು ಮಾರೋನು, ಒಲೆ ಮುಂದೆ ಒಂದು ದಿನವೂ ಕೂರದೋನು. ಅದಕ್ಕೇ ನಾನು ತಟ್ಟೆ ಬೀಳಿಸಿದ್ದು; ಕರಗಿಸಿದರಾಯ್ತು ಅಂದೋನು ಅವನೊಬ್ಬನೇ."

ದೊಡ್ಡ ಮಗ ತಲೆ ತಗ್ಗಿಸಿದ. "ಸಾಯಿಸೋಕಲ್ಲ. ಅವಳು ಮನೆ ಬಿಟ್ಟು ಹೋಗಲಿ ಅಂತ."

ಯಜಮಾನರು ಗೋಡೆಯ ಕಡೆ ಮುಖ ತಿರುಗಿಸಿದರು. "ಪೊಲೀಸು ಗಿಲೀಸು ಬೇಡ. ಮನೆ ಮಾತು ಮನೇಲೇ ಇರಲಿ."

ಸೊಸೆ ಬಾಗಿಲವರೆಗೆ ಹೋದವಳು ನಿಂತಳು. ಅವಳಿಗೆ ಹೋಗಲು ಬೇರೆ ಮನೆಯಿರಲಿಲ್ಲ.

"ಹಾಗೇ ಆಗಲಿ ಮಾವ. ನಾಳೆಯಿಂದ ನನ್ನ ತಟ್ಟೆಯ ಊಟಾನ ಯಾರು ಮೊದಲು ರುಚಿ ನೋಡ್ತಾರೆ, ಅದೊಂದು ಹೇಳಿಬಿಡಿ."