ಕಿತ್ತಳೆ ಬಣ್ಣದ ಕರವಸ್ತ್ರ

"ಪೇಷಂಟ್ ಎಲ್ಲಿ?" ಎಂದು ಎಕ್ಸ್‌ರೇ ಡಾಕ್ಟರು ಕೇಳಿದಾಗ ಅವಳು ತಡಬಡಾಯಿಸಿದಳು.

"ಮನೇಲಿದಾರೆ. ತುಂಬಾ ಚೆನ್ನಾಗಿದಾರೆ. ಅದೇ ತೊಂದರೆ ಆಗಿರೋದು."

ಡಾಕ್ಟರ ಹುಬ್ಬು ಮೇಲೇರಿತು. "ಚೆನ್ನಾಗಿರೋರಿಗೆ ಎಕ್ಸ್‌ರೇ ಯಾಕ್ರೀ?"

"ತೆಗೆಯೋಕಲ್ಲ, ಹಳೇದನ್ನ ನೋಡೋಕೆ. ಫಾದರ್ ಫೋನ್ ಮಾಡಿದ್ರಲ್ಲ? ಪವಾಡದ ವಿಷಯ."

ಆರು ವರ್ಷದ ಹಿಂದೆ ಅವಳ ಅಮ್ಮನ ಎದೆಯಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ ಕಂಡಿತ್ತು. ದೊಡ್ಡಾಸ್ಪತ್ರೆಯವರು ಕ್ಯಾನ್ಸರ್ ಇರಬಹುದು, ಚುಚ್ಚಿ ನೋಡಬೇಕು ಎಂದಿದ್ದರು. ಅಮ್ಮ ಸೂಜಿಯೂ ಬೇಡ, ಮಾತ್ರೆಯೂ ಬೇಡ ಎಂದು ಹಟ ಹಿಡಿದು ಕೂತರು. ರೋಗಿಗಳ ಸೇವೆಯಲ್ಲೇ ಜೀವ ಸವೆಸಿ ತೀರಿಕೊಂಡ ಕಾನ್ವೆಂಟಿನ ಹಿರಿಯ ಸಿಸ್ಟರ್ ಒಬ್ಬರ ಫೋಟೋ ಮುಂದೆ ಮಂಡಿಯೂರಿ, ಉಳಿಸುವುದಾದರೆ ನೀವೇ ಉಳಿಸಿ ಎಂದರು. ಆರು ತಿಂಗಳಲ್ಲಿ ಗಡ್ಡೆ ಮಾಯ. ಈಗ ಆ ಸಿಸ್ಟರನ್ನು ಸಂತರೆಂದು ಸಾರಬೇಕೆ ಎಂದು ಚರ್ಚಿನವರು ವಿಚಾರಣೆ ನಡೆಸುತ್ತಿದ್ದರು. ವಿಜ್ಞಾನಕ್ಕೆ ಇದರ ಕಾರಣ ಗೊತ್ತೇ ಎಂದು ವೈದ್ಯರೊಬ್ಬರು ಬರೆದುಕೊಡಬೇಕಿತ್ತು. ಗೊತ್ತಿಲ್ಲವೆಂದರೆ ಮಾತ್ರ ಅದು ಪವಾಡ.

"ನಾನು ನಿಮ್ಮ ಧರ್ಮದವನಲ್ಲ. ನಮ್ಮನೆ ದೇವರಿಗೇ ಸರಿಯಾಗಿ ಕೈ ಮುಗಿಯೋನಲ್ಲ. ಫಾದರ್‌ಗೆ ಗೊತ್ತಾ ಇದು?"

"ಗೊತ್ತು. ಅದಕ್ಕೇ ನಿಮ್ಮನ್ನ ಆರಿಸಿದ್ದು. ನಂಬೋರಾದ್ರೆ ಬೇಗ ಒಪ್ಪಿಬಿಡ್ತಾರಂತೆ."

ಅವನು ತಲೆ ಹಿಂದಕ್ಕೆ ಚೆಲ್ಲಿ ನಕ್ಕ. ನಕ್ಕಾಗ ಎಡಗೆನ್ನೆಯಲ್ಲೊಂದು ಗುಳಿ ಬಿತ್ತು. ಅದನ್ನು ನೋಡಬಾರದಿತ್ತು, ನೋಡಿಬಿಟ್ಟಳು. ಅವಳ ಕಥೆ ಅಲ್ಲಿಗೇ ಮುಗಿಯಿತು ಎನ್ನಿ.

ಒಟ್ಟು ಆರು ಫಿಲ್ಮುಗಳಿದ್ದವು. ಒಂದೇ ಲಕೋಟೆಯಲ್ಲಿ ಹಿಡಿಯುವಂಥವು. ಅವಳು ವಾರಕ್ಕೊಂದರಂತೆ ತಂದಳು.

"ಇವತ್ತೂ ಒಂದೇನಾ ಟೀಚರ್?" ಅವಳು ಮಕ್ಕಳಿಗೆ ಪಿಯಾನೊ ಕಲಿಸುತ್ತಾಳೆ, ಭಾನುವಾರ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಾಳೆ ಎಂದು ತಿಳಿದ ಮೇಲೆ ಅವನು ಹಾಗೇ ಕರೆಯುತ್ತಿದ್ದ.

"ನನ್ನ ಚೀಲ ಚಿಕ್ಕದು."

"ಒಳ್ಳೇದೇ ಆಯ್ತು. ಹೋದ ವಾರದ್ದನ್ನೇ ನಾನಿನ್ನೂ ಸರಿಯಾಗಿ ನೋಡಿಲ್ಲ. ಅದನ್ನ ತಂದೋರನ್ನ ನೋಡೋದ್ರಲ್ಲೇ ಟೈಮ್ ಆಗೋಯ್ತು."

ಹೀಗೆ ಅಂದವನು ಬೆಳಕಿನ ಡಬ್ಬಿಯ ಕಡೆ ತಿರುಗಿ, ಏನೂ ಅರಿಯದವನಂತೆ ಫಿಲ್ಮು ಸಿಕ್ಕಿಸತೊಡಗಿದ. ಫಿಲ್ಮು ತಲೆಕೆಳಗಾಗಿತ್ತು. ಅವಳು ಹೇಳಲಿಲ್ಲ.

ಮನೆಗೆ ಹೊರಟರೆ ಮಾತ್ರ ಎದೆಯಲ್ಲಿ ಮುಳ್ಳು. ಒಂದು ಕಡೆ ಕೂರಲಾರಳು, ನಿಲ್ಲಲಾರಳು. ಬಸ್ಸು ಬಂದರೂ ಹತ್ತದೆ ನಡೆದೇ ಹೋಗುವಳು. ಬೈಬಲ್ ಮೇಲೆ ಕೈಯಿಟ್ಟು ವಿಚಾರಣೆಯಲ್ಲಿ ಅವಳೊಂದು ಸುಳ್ಳು ಹೇಳಿದ್ದಳು. ಅಂದಿನಿಂದ ಫಾದರ್ ಮುಂದೆ ತಪ್ಪೊಪ್ಪಿಕೊಳ್ಳುವ ಪಾಪನಿವೇದನೆಗೂ ಹೋಗಿರಲಿಲ್ಲ, ಅದಿಲ್ಲದೆ ತೆಗೆದುಕೊಳ್ಳಬಾರದ ಪರಮಪ್ರಸಾದಕ್ಕೂ ಸಾಲಲ್ಲಿ ನಿಂತಿರಲಿಲ್ಲ. ಎಲ್ಲರೂ ಸಾಲು ನಿಂತಾಗ ಆರ್ಗನ್ ನುಡಿಸುವವರು ಏಳಬೇಕಾಗಿಲ್ಲ, ಅದೊಂದು ಅನುಕೂಲವಿತ್ತು. ಎರಡು ವರ್ಷದಿಂದ ಹಾಡು ಮುಗಿದರೂ ಮತ್ತೆ ಮೊದಲಿಂದ ನುಡಿಸುತ್ತಿದ್ದಳು.

ಐದನೇ ಫಿಲ್ಮಿನ ಹೊತ್ತಿಗೆ ಅಮ್ಮನಿಗೆ ವಾಸನೆ ಬಡಿಯಿತು.

"ಬೇರೆ ಧರ್ಮದೋನು, ಸಾಲದ್ದಕ್ಕೆ ನಾಸ್ತಿಕ. ನಿಂಗೆ ಬೇರೆ ಯಾರೂ ಸಿಗಲಿಲ್ವಾ?"

"ಧರ್ಮ ಬೇರೆ ಆದ್ರೂ ಮದುವೆಗೆ ಬಿಷಪ್ ಅನುಮತಿ ಕೊಡ್ತಾರಂತೆ ಅಮ್ಮಾ. ಫಾದರನ್ನ ಕೇಳ್ದೆ."

"ಬಿಷಪ್ ಕೊಡ್ಲಿ, ನಾನು ಕೊಡ್ಬೇಕಲ್ಲ!" ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂದರು: "ನನ್ನ ಎದೇಲಿ ಆಗಿದ್ದಕ್ಕೆ ಕಾರಣ ಗೊತ್ತಿಲ್ಲ ಅಂತ ಮೊದಲು ಆತ ಸಹಿ ಹಾಕ್ಲಿ. ಅಷ್ಟು ತಗ್ಗೋಕೆ ಬರೋನಾದ್ರೆ ಮನೆಗೆ ಕರ್ಕೊಂಡು ಬಾ. ಇಲ್ಲಾಂದ್ರೆ ಆ ಹೆಸರೇ ಎತ್ಬೇಡ."

ಆರನೇ ವಾರ ಅವಳು ಹೋದಾಗ ಅವನ ಮುಖದಲ್ಲಿ ಗುಳಿ ಇರಲಿಲ್ಲ. ಮೇಜಿನ ಮೇಲೆ ಅಮ್ಮನ ಸಾಕ್ಷ್ಯದ ಪ್ರತಿ ಇತ್ತು.

"ಇಲ್ಲೊಂದು ಸಾಲಿದೆ," ಎಂದ. "'ಪ್ರಾರ್ಥನೆ ಮಾಡುವಾಗ ನನ್ನ ಕಣ್ಣೀರು ಕಿತ್ತಳೆ ಬಣ್ಣಕ್ಕೆ ತಿರುಗುತ್ತಿತ್ತು. ದೇಹದ ವಿಷ ಹಾಗೆ ಹರಿದುಹೋಯಿತು. ಆ ಕರವಸ್ತ್ರ ಈಗಲೂ ನನ್ನ ಹತ್ತಿರ ಇದೆ.' ನಿಜಾನಾ?"

"ನಿಜ. ಸಿಸ್ಟರ್ ಫೋಟೋ ಕೆಳಗೆ ಡಬ್ಬಿಯಲ್ಲಿಟ್ಟು ಕಾಪಾಡ್ಕೊಂಡಿದಾರೆ."

"ಟಿ.ಬಿ.ಗೆ ಒಂದು ಕೆಂಪು ಕ್ಯಾಪ್ಸೂಲ್ ಕೊಡ್ತಾರೆ ಟೀಚರ್. ಅದನ್ನ ತಗೊಂಡೋರ ಕಣ್ಣೀರಿಗೆ ಈ ಬಣ್ಣ ಬರುತ್ತೆ. ಟಿ.ಬಿ. ಗಡ್ಡೆ ಫಿಲ್ಮಲ್ಲಿ ಕ್ಯಾನ್ಸರ್ ಥರಾನೇ ಕಾಣ್ಬಹುದು." ಅವನು ಕಾಗದದಿಂದ ತಲೆಯೆತ್ತಿದ. "ಆದ್ರೆ ಯಾವ ಔಷಧಿನೂ ಕೊಟ್ಟಿಲ್ಲ ಅಂತ ನೀವು ಹೇಳಿಕೆ ಕೊಟ್ಟಿದೀರಿ."

ಅವಳು ಚೀಲವನ್ನು ಎದೆಗವಚಿಕೊಂಡಳು.

"ಅದು ಹಾಗೇ ಇದೆ ಅಂತ ಇನ್ನೊಂದ್ಸಲ ಹೇಳಿಬಿಡಿ. ಕಾರಣ ತಿಳಿಯದು ಅಂತ ಈಗಲೇ ಸಹಿ ಹಾಕ್ತೀನಿ. ನಾನು ದೇವರನ್ನ ನಂಬಲ್ಲ. ನಿಮ್ಮ ಮಾತನ್ನ ನಂಬ್ತೀನಿ."

ಒಂದು 'ಹೌದು' ಸಾಕಿತ್ತು. ಅಮ್ಮನ ಪವಾಡ ಉಳಿಯುತ್ತಿತ್ತು, ಅವನು ಮನೆಗೆ ಬರುತ್ತಿದ್ದ, ಮದುವೆಯೂ ಆಗಿಬಿಡುತ್ತಿತ್ತು. ಆಮೇಲೆ ಆ ಕೆನ್ನೆಯ ಗುಳಿಯನ್ನು ಬದುಕಿಡೀ ಯಾವ ಮುಖ ಹೊತ್ತು ನೋಡುವುದು? ಅವನು ಪೆನ್ನಿನ ಮುಚ್ಚಳ ತೆಗೆದದ್ದನ್ನು ಕಂಡು ಅವಳಿಗೆ ತಡೆಯಲಾಗಲಿಲ್ಲ.

"ಬರೀಬೇಡಿ! ಕೊಟ್ಟಿದೀನಿ. ನಾನೇ ಕೊಟ್ಟಿದೀನಿ."

ಬೀದಿಯ ಕೊನೆಯ ಕ್ಲಿನಿಕ್ಕಿನ ಮುದುಕ ಡಾಕ್ಟರು, ಈಗಿಲ್ಲ ಅವರು, ಟಿ.ಬಿ. ಇದ್ದರೂ ಇರಬಹುದು, ಕೊಟ್ಟು ನೋಡು ಎಂದಿದ್ದರು. ಮಾತ್ರೆ ಕಂಡರೆ ಅಮ್ಮ ಉಗಿಯುತ್ತಿದ್ದರು. ದಿನಾ ಬೆಳಿಗ್ಗೆ ಕ್ಯಾಪ್ಸೂಲ್ ಒಡೆದು, ಮಾತ್ರೆ ಪುಡಿ ಮಾಡಿ ಜೇನಿನಲ್ಲಿ ಕಲಸಿ ತಿನ್ನಿಸಿದಳು, ಆರು ತಿಂಗಳು. ಕಹಿ ಎಂದು ಮುಖ ಸಿಂಡರಿಸಿದರೆ, ಕಾಡಿನ ಜೇನು ಹಾಗೇ ಇರುತ್ತದೆ ಎಂದಳು. ವಾಸಿಯಾದ ದಿನ ಅಮ್ಮ ಫೋಟೋ ತಬ್ಬಿಕೊಂಡು ಅತ್ತರು. ಆಗ ಹೇಳಲು ನಾಲಿಗೆ ಏಳಲಿಲ್ಲ.

ಎಲ್ಲ ಹೇಳಿ ಅವಳು ಮುಖ ಮುಚ್ಚಿಕೊಂಡಳು. "ಈಗ ಅಮ್ಮ ನಿಮ್ಮನ್ನ ಒಪ್ಪಲ್ಲ. ನನ್ನನ್ನೂ ಒಪ್ಪಲ್ಲ."

ಅವನು ಸ್ಟೂಲು ಎಳೆದುಕೊಂಡು ಹತ್ತಿರ ಕೂತ. "ಒಪ್ಪಿಸೋಕೆ ಒಂದು ಸುಳ್ಳು ಸಾಕಾಗಿತ್ತು. ನೀವು ಹೇಳಲಿಲ್ಲ. ನಂಗೆ ನಿಮ್ಮ ಮೇಲೆ ಮೊದಲೇ ಪ್ರೀತಿ ಇತ್ತು ಟೀಚರ್, ಈಗಂತೂ ಬಿಟ್ಟಿರೋಕಾಗಲ್ಲ."

ಅಳುವಿನ ನಡುವೆಯೇ ಅವಳು ಬೆರಳ ಸಂದಿಯಿಂದ ನೋಡಿದಳು. ಗುಳಿ ಮೆಲ್ಲಗೆ ಬೀಳುತ್ತಿತ್ತು.

ಫಾದರ್ ಹಿಂದೆ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟವರು. ಪೂರ್ತಿ ಕೇಳಿ ಗಡ್ಡ ಕೆರೆದುಕೊಂಡರು. "ಸುಳ್ಳಿನ ಮೇಲೆ ಸಂತರನ್ನ ಕೂರಿಸೋಕಾಗುತ್ತಾ ಮಗಳೇ? ಸಿಸ್ಟರ್ ಬದುಕಿದ್ದಿದ್ರೆ ಅವರೇ ನಿನ್ನ ಕೈಗೆ ಮಾತ್ರೆ ಕೊಡ್ತಿದ್ರು. ಆಸ್ಪತ್ರೆ ನಡೆಸ್ತಿದ್ದೋರು ತಾನೆ? ಡಾಕ್ಟ್ರು ಇದ್ದದ್ದನ್ನ ಇದ್ದ ಹಾಗೆ ಬರೀಲಿ. ನಿನ್ನ ಪಾಪನಿವೇದನೆ ನಾನು ಕೇಳ್ತೀನಿ. ಅಮ್ಮಂಗೆ ಮಾತ್ರ ನೀನೇ ಹೇಳ್ಬೇಕು, ಅಷ್ಟು ಧೈರ್ಯ ನಂಗಿಲ್ಲ."

ಅವಳು ಹೇಳಿದಳು. ಅಮ್ಮ ಹನ್ನೊಂದು ದಿನ ಮಾತು ಬಿಟ್ಟರು. ತಟ್ಟೆ ಕುಕ್ಕಿ ಇಡುವರು, ಕದ ಧಡಾರನೆ ಹಾಕುವರು. ಹನ್ನೆರಡನೇ ದಿನ ಕರವಸ್ತ್ರದ ಡಬ್ಬಿ ಹಿಡಿದು ಯಾರಿಗೂ ಹೇಳದೆ ಎಕ್ಸ್‌ರೇ ಕೋಣೆಗೇ ಹೋದರು.

"ನನ್ನ ಪ್ರಾರ್ಥನೆ ದೇವರಿಗೆ ಮುಟ್ಟಲಿಲ್ಲ ಅಂತ ಬರೆದಿದೀರಾ?"

ಅವನು ಎದ್ದು ನಿಂತ. "ಇಲ್ಲಮ್ಮ. ಅದು ನಂಗೆ ಗೊತ್ತಿಲ್ಲ, ಫಿಲ್ಮಲ್ಲಿ ಕಾಣಲ್ಲ. ಗಡ್ಡೆ ಔಷಧಿಯಿಂದ ಕರಗಿದೆ ಅಂತಷ್ಟೇ ಬರೆದೆ."

ಅಮ್ಮ ಬಹಳ ಹೊತ್ತು ಅವನನ್ನು ಅಳೆದು ನೋಡಿದರು. "ಮಾತ್ರೆ ಇಲ್ದೇ ಇದ್ದಿದ್ರೆ?"

"ಉಳೀತಿರಲಿಲ್ಲ ಅನ್ಸುತ್ತೆ."

"ಬಾಯಿ ಮಾತಿಗಾದ್ರೂ ನನ್ನ ಸಮಾಧಾನಕ್ಕೆ ಒಂದು ಸುಳ್ಳು ಹೇಳೋಕೆ ಬರಲ್ವಲ್ಲ ನಿಮಗೆ," ಎಂದು ಗೊಣಗಿ ಡಬ್ಬಿಯನ್ನು ಸೆರಗಲ್ಲಿ ಸುತ್ತಿಕೊಂಡರು. ಬಾಗಿಲ ತನಕ ಹೋಗಿ ಹಿಂತಿರುಗದೆ ಅಂದರು: "ಭಾನುವಾರ ಪೂಜೆ ಮುಗಿದ ಮೇಲೆ ಟೀಗೆ ಬನ್ನಿ."

ಆ ಭಾನುವಾರ ಎಲ್ಲರೂ ಪ್ರಸಾದಕ್ಕೆ ಸಾಲು ನಿಂತಾಗ ಆರ್ಗನ್ ನಿಂತುಹೋಯಿತು. ಅವಳು ಕೆಳಗಿಳಿದು ಬಂದು ಅಮ್ಮನ ಹಿಂದೆ ನಿಂತಳು. ಅಮ್ಮ ತಿರುಗಿ ನೋಡಲಿಲ್ಲ, ಒಂದು ಹೆಜ್ಜೆ ಮುಂದೆ ಸರಿದು ಜಾಗ ಮಾಡಿದರು. ಕಡೆಯ ಬೆಂಚಿನಲ್ಲಿ ಕೂತಿದ್ದ ಅವನಿಗೆ ಎಲ್ಲರೂ ಯಾವಾಗ ಏಳುತ್ತಾರೆ, ಯಾವಾಗ ಕೂರುತ್ತಾರೆ ಎಂದು ತಿಳಿಯದೆ ಒದ್ದಾಟವೇ ಆಗಿಹೋಗಿತ್ತು.

ಮನೆಯಲ್ಲಿ ಅವಳು ಟೀ ತಂದು ಅವನ ಮುಂದಿಟ್ಟಳು. ಅವನು ಕೈ ಚಾಚುವಷ್ಟರಲ್ಲಿ ಅಮ್ಮ ತಡೆದರು.

"ಹುಷಾರು ಡಾಕ್ಟ್ರೇ. ಇವಳು ಏನು ಕಲಸಿ ಕೊಡ್ತಾಳೆ ಅಂತ ಹೇಳೋಕಾಗಲ್ಲ." ಅಮ್ಮನ ದನಿ ಅಲ್ಲಿಗೆ ಒಡೆಯಿತು. "ಇವಳ ಕೈಯಲ್ಲಿ ತಿಂದೋರು ಬದುಕಿಬಿಡ್ತಾರೆ."

ಅವನು ಅವಳನ್ನೇ ನೋಡುತ್ತ, ಬಿಸಿಯಿದ್ದರೂ ಒಂದೇ ಗುಟುಕಿಗೆ ಕುಡಿದ.